ಜಗಳವಾದರೆ ಬೆಂಗಳೂರಿಗೆ ಬನ್ನಿ

ಹೋದ ಮಳೆಗಾಲದಲ್ಲಿ ನಮ್ಮ ಬಳಗದ ಇಬ್ಬರು ಒಂದು ಹಾಳೆ ಹಿಡಿದುಕೊಂಡು ಬೆಂಗಳೂರಿನ ಶೇಷಾದ್ರಿಪುರಕ್ಕೆ ಹೋಗಿದ್ದೆವು. ಹಾಳೆ ನಮ್ಮದಲ್ಲ. ತುಮಕೂರು ಜಿಲ್ಲೆಯ ನಮ್ಮೂರಿನ ಹಿರಿಯ ರೈತರೊಬ್ಬರದು. ಅವರನ್ನು ನಾವು ಮಾವ ಅಂತ ಕರೆಯುತ್ತೇವೆ. ಅವರೂ ಜೊತೆಗಿದ್ದರು. ಬೆಳಗಿನ ರೈಲು ಹಿಡಿದು ಮಲ್ಲೇಶ್ವರ ನಿಲ್ದಾಣದಲ್ಲಿ ಇಳಿದು, ದಾರಿ ಕೇಳಿಕೊಂಡು ನಡೆದೆವು. ಹಾಳೆಯನ್ನು ಮಾವ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನಡುನಡುವೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅದು ಮಿಡಿಸೌತೆ ಬೆಳೆಯುವ ಒಪ್ಪಂದದ ಹಾಳೆ. ನಮ್ಮ ಕಡೆ ಇದನ್ನು ಬೆಳೆದವರಿಗೆ ವಿವರ ಬೇಕಿಲ್ಲ. ಬೆಳೆಯದವರಿಗೆ ಎರಡು ಮಾತು ಹೇಳಬೇಕು. ಬೀಜ, ಗೊಬ್ಬರ, ಔಷಧ ಎಲ್ಲ ಕಂಪನಿಯದೇ. ಅದರ ದುಡ್ಡನ್ನು ಆಮೇಲೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಬಿತ್ತಿದ ಒಂದು ತಿಂಗಳು, ಒಂದೂಕಾಲು ತಿಂಗಳಿಗೆ ಕಾಯಿ ಬಿಡಲು ಶುರುವಾಗುತ್ತದೆ. ಆಮೇಲೆ ದಿನಾ ಬಿಡಿಸಲೇಬೇಕು. ಒಂದು ಕೆಜಿಗೆ ಎಷ್ಟು ಕಾಯಿ ಬರುತ್ತದೆ ಅನ್ನುವುದರ ಮೇಲೆ ದರ್ಜೆ. ಕಾಯಿ ಸಣ್ಣದಿದ್ದಷ್ಟೂ ದರ ಹೆಚ್ಚು. ಒಂದು ದಿನ ತಡವಾದರೆ ಕಾಯಿ ದಪ್ಪಗಾಗಿ ದರ್ಜೆ ಇಳಿಯುತ್ತದೆ. ಕಾಯಿಯನ್ನು ಉಪ್ಪುನೀರಿಗೋ ವಿನೆಗರ್‌ಗೋ ಹಾಕಿ ಅಮೆರಿಕ, ಯುರೋಪು, ರಷ್ಯಾ ಕಡೆಗೆ ಕಳಿಸುತ್ತಾರೆ. ನಮ್ಮಲ್ಲಿ ಇದನ್ನು ಸಾರಿಗೂ ಹಾಕುವುದಿಲ್ಲ, ಸಂತೆಯಲ್ಲೂ ಕೇಳುವುದಿಲ್ಲ. ಕಂಪನಿ ಬೇಡ ಅಂದರೆ ದನದ ಮುಂದೆ ಸುರಿಯಬೇಕು, ಅಷ್ಟೆ.

ಮಾವನಿಗೆ ಆದದ್ದೂ ಅದೇ. ಜಡಿಮಳೆಯಲ್ಲಿ ನಾಲ್ಕು ದಿನ ಕಂಪನಿಯ ಗಾಡಿ ಬರಲಿಲ್ಲ. ಐದನೇ ದಿನ ಬಂದವರು ಕಾಯಿ ದಪ್ಪ ಅಂತ ಮುಕ್ಕಾಲು ಪಾಲನ್ನು ಬಿಟ್ಟು ಹೋದರು. ಬೀಜ, ಔಷಧದ ದುಡ್ಡನ್ನು ಮಾತ್ರ ಒಂದು ರೂಪಾಯಿ ಬಿಡದೆ ಮುರಿದುಕೊಂಡರು. ಊರಿಗೆ ಬರುತ್ತಿದ್ದ ಫೀಲ್ಡ್ ಆಫೀಸರ್ ಫೋನ್ ಎತ್ತುವುದನ್ನು ಬಿಟ್ಟ. ಹಾಳೆಯಲ್ಲಿದ್ದ ವಿಳಾಸ ಶೇಷಾದ್ರಿಪುರದ್ದು.

ವಿಳಾಸದಲ್ಲಿ ಒಂದು ಕಟ್ಟಡದ ಮೂರನೇ ಮಹಡಿ, ಒಂದು ಗಾಜಿನ ಬಾಗಿಲು, ಒಬ್ಬ ಹುಡುಗಿ. ಪಾಪ, ಆಕೆ ಮಾವನಿಗೆ ನೀರು ಕೊಟ್ಟಳು, ಕೂರಿ ಅಂದಳು. ಸಾಹೇಬರು ಇಲ್ಲ, ಬರುವುದು ಗೊತ್ತಿಲ್ಲ, ಏನಿದ್ದರೂ ಇಮೇಲ್ ಮಾಡಿ ಅಂದಳು. ನಾವು ಸ್ವಲ್ಪ ಜೋರಾಗಿ ಕೇಳಿದಾಗ ಒಳಗಿನಿಂದ ಒಬ್ಬರು ಬಂದು ಹಾಳೆ ತೆಗೆದುಕೊಂಡು, ಕೊನೆಯ ಪುಟ ತಿರುಗಿಸಿ, ಇಂಗ್ಲಿಷಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ತಕರಾರು ಏನೇ ಬಂದರೂ ಬೆಂಗಳೂರಿನ ಕೋರ್ಟಿನಲ್ಲಿ ಮಾತ್ರ ತೀರ್ಮಾನ ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಮಾವನ ಸಹಿ.

ಕೆಳಗಿಳಿದು ಟೀ ಅಂಗಡಿಯಲ್ಲಿ ನಿಂತಾಗ ಮಾವ ಕೇಳಿದರು: “ಅಲ್ಲಪ್ಪಾ, ಬೆಳೆದಿದ್ದು ನನ್ನ ಹೊಲದಲ್ಲಿ, ತೂಗಿದ್ದು ನಮ್ಮೂರ ಅರಳೀಕಟ್ಟೆ ಹತ್ರ. ಜಗಳ ಮಾತ್ರ ಬೆಂಗಳೂರಲ್ಲಾ?”

ಉತ್ತರ ನಮ್ಮ ಹತ್ತಿರ ಇರಲಿಲ್ಲ. ಆದರೆ ಆ ಪ್ರಶ್ನೆ ಕೇಳಲು ಮಾವ ನಿಂತಿದ್ದ ಜಾಗ ಮಾತ್ರ ಸರಿಯಾದದ್ದೇ ಆಗಿತ್ತು. ಊರಿಗೆ ಬಂದ ಮೇಲೆ ಸ್ವಲ್ಪ ಓದಿದೆವು. ಯಾರ ನೆಲದಲ್ಲಿ ಯಾರ ಕಾನೂನು ಅನ್ನುವ ಪ್ರಶ್ನೆಯನ್ನು ಆ ಬೀದಿಗಳು ನೂರು ವರ್ಷದ ಹಿಂದೆಯೇ ನೋಡಿದ್ದವು.

ಶೇಷಾದ್ರಿಪುರ ಬಡಾವಣೆ ಆದದ್ದು 1892ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರು ಅದಕ್ಕೆ. ಅವರು 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದರು. ಬಡಾವಣೆ ಮೈಸೂರು ಮಹಾರಾಜರ ಬೆಂಗಳೂರು ನಗರಕ್ಕೆ ಸೇರಿತ್ತು. ಆದರೆ ಅಲ್ಲಿಂದ ಸ್ವಲ್ಪ ನಡೆದರೆ ಸಿಗುವ ಹೈಗ್ರೌಂಡ್ಸ್ ಮಹಾರಾಜರದಾಗಿರಲಿಲ್ಲ. ಅದು ಕಂಟೋನ್ಮೆಂಟಿನ ಒಂದು ವಿಭಾಗ. ಕಂಟೋನ್ಮೆಂಟನ್ನು ಕನ್ನಡದಲ್ಲಿ ದಂಡು ಅನ್ನುತ್ತೇವೆ. ರೈಲು ನಿಲ್ದಾಣದ ಬೋರ್ಡಿನಲ್ಲಿ ಇವತ್ತಿಗೂ ‘ಬೆಂಗಳೂರು ದಂಡು’ ಅಂತಲೇ ಇದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಅಲ್ಲೇ ಬೀಡುಬಿಟ್ಟಿತ್ತು. ಅಲ್ಲಿಯ ಜ್ವರ ತಡೆಯಲಾಗದೆ 1809ರಲ್ಲಿ ಬೆಂಗಳೂರಿನ ಹಲಸೂರು ಕಡೆಗೆ ಬಂತು. ಸೈನ್ಯದ ಹಿಂದೆ ಅಂಗಡಿಯವರು, ಬಟ್ಲರ್‌ಗಳು, ದರ್ಜಿಗಳು, ಮದ್ರಾಸ್ ಕಡೆಯ ವರ್ತಕರು, ಯುರೋಪಿನ ವ್ಯಾಪಾರಿಗಳು ಬಂದರು. ಒಂದು ಊರಿನ ಪಕ್ಕ ಇನ್ನೊಂದು ಊರೇ ಎದ್ದಿತು. 1862ರಿಂದ ಎರಡಕ್ಕೂ ಬೇರೆ ಬೇರೆ ಮುನ್ಸಿಪಾಲಿಟಿ. 1864ರಲ್ಲಿ ಮದ್ರಾಸ್ ಕಡೆಯ ರೈಲು ಮೊದಲು ಬಂದು ನಿಂತದ್ದೂ ದಂಡಿನಲ್ಲೇ.

ಮುಖ್ಯವಾದದ್ದು ನಡೆದದ್ದು 1881ರಲ್ಲಿ. ಐವತ್ತು ವರ್ಷ ತಾವೇ ಆಳಿದ ಮೇಲೆ ಬ್ರಿಟಿಷರು ಮೈಸೂರನ್ನು ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಕೊಟ್ಟರು. ಕೊಡುವಾಗ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಏನಿತ್ತು ನೋಡಿ. ರಾಜ್ಯ ನಿಮ್ಮದು, ಆದರೆ ದಂಡು ನಮ್ಮ ಕೈಯಲ್ಲೇ ಇರುತ್ತದೆ. ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ ಕೊಡಬೇಕು. ನಾವು ಬೇಡ ಅಂದರೆ ಉಪ್ಪು ಮಾಡುವುದನ್ನು ನಿಲ್ಲಿಸಬೇಕು. ಮೈಸೂರು ಸೀಮೆಯಲ್ಲಿ ಯುರೋಪಿನ ಬ್ರಿಟಿಷ್ ಪ್ರಜೆ ತಪ್ಪು ಮಾಡಿದರೆ ಅವನ ಮೇಲಿನ ಅಧಿಕಾರ ಮಹಾರಾಜರದಲ್ಲ, ಗವರ್ನರ್ ಜನರಲ್ ಅವರದು.

ಸುಮಾರು 13 ಚದರ ಮೈಲಿಯ ದಂಡು ಹೀಗೆ ಮೈಸೂರಿನ ಹೊಟ್ಟೆಯೊಳಗೆ ಇನ್ನೊಂದು ದೇಶದಂತೆ ಉಳಿಯಿತು. ಅಲ್ಲಿಯ ಕಾನೂನು, ಕೋರ್ಟು, ತೆರಿಗೆ ಎಲ್ಲ ಬ್ರಿಟಿಷ್ ರೆಸಿಡೆಂಟರ ಕೆಳಗೆ. ಆ ರೆಸಿಡೆಂಟರ ಬಂಗಲೆಯೇ ಇವತ್ತಿನ ರಾಜಭವನ. ದಂಡು ಮೈಸೂರಿಗೆ ವಾಪಸ್ ಬಂದದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯ ಬರಲು ಮೂರು ವಾರ ಇರುವಾಗ. ಎರಡು ಮುನ್ಸಿಪಾಲಿಟಿ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಇದು ಬೆಂಗಳೂರಿಗೆ ಮಾತ್ರ ಬಂದ ಕಥೆಯಲ್ಲ. ಸರಿಯಾಗಿ ಅದೇ ವರ್ಷಗಳಲ್ಲಿ, ಸಮುದ್ರದಾಚೆಯ ಕೊರಿಯಾ ದೇಶದಲ್ಲೂ ಇಂಥದೇ ನಡೆಯುತ್ತಿತ್ತು. ಕೊರಿಯಾ ಅಂದರೆ ಈಗ ನಮ್ಮ ಮನೆ ಮಕ್ಕಳಿಗೆ ಮೊಬೈಲಿನ ಧಾರಾವಾಹಿ, ಹಾಡು, ಕುಣಿತ. ಆಗ ಅದು ರಾಜನಿದ್ದ, ಬಾಗಿಲು ಮುಚ್ಚಿಕೊಂಡಿದ್ದ ಬೇಸಾಯದ ದೇಶ. 1876ರಲ್ಲಿ ಜಪಾನ್ ಯುದ್ಧನೌಕೆ ಮುಂದಿಟ್ಟುಕೊಂಡು ಅದರ ಕೈಲಿ ಒಪ್ಪಂದಕ್ಕೆ ಸಹಿ ಹಾಕಿಸಿತು. ಮೊದಲು ಬುಸಾನ್ ಬಂದರು ತೆರೆಯಿತು, 1880ರಲ್ಲಿ ವೊನ್ಸಾನ್, 1883ರಲ್ಲಿ ಇಂಚಿಯಾನ್. ಒಪ್ಪಂದದಿಂದ ತೆರೆದವು ಅಂತ ಇವನ್ನು ಒಪ್ಪಂದದ ಬಂದರುಗಳು ಅನ್ನುತ್ತಿದ್ದರು.

ಇಂಚಿಯಾನಿನಲ್ಲಿ ಬಂದರು ಎದ್ದ ಜಾಗದ ಹೆಸರು ಜೆಮುಲ್ಪೊ. ಮೀನು ಹಿಡಿಯುವವರ ಸಣ್ಣ ಊರು ಅದು. ಒಂದೆರಡು ವರ್ಷದೊಳಗೆ ಅಲ್ಲಿ ಜಪಾನಿಯರ ಕೇರಿ, ಚೀನಿಯರ ಕೇರಿ, ಉಳಿದ ವಿದೇಶಿಯರಿಗೆಲ್ಲ ಸೇರಿ ಇನ್ನೊಂದು ಕೇರಿ ಗುರುತಾದವು. ಚೀನಿಯರ ಕೇರಿಗೂ ಜಪಾನಿಯರ ಕೇರಿಗೂ ನಡುವಿನ ಗಡಿಯಾಗಿದ್ದ ಕಲ್ಲು ಮೆಟ್ಟಿಲುಗಳು ಇವತ್ತಿಗೂ ಇವೆ. ಬ್ಯಾಂಕು ಬಂತು, ಹಡಗು ಕಂಪನಿ ಬಂತು, 1888ರಲ್ಲಿ ಪಾಶ್ಚಾತ್ಯ ರೀತಿಯ ಹೋಟೆಲು ಬಂತು. ಸುಂಕದ ಕಚೇರಿ ನಡೆಸಲು ರಾಜ ಕರೆಸಿಕೊಂಡದ್ದು ಮೊಲೆಂಡಾರ್ಫ್ ಅನ್ನುವ ಜರ್ಮನಿಯವನನ್ನು. ಅದಕ್ಕೂ ಮೊದಲು, 1876ರಿಂದ ಏಳು ವರ್ಷ, ಜಪಾನಿನ ಮಾಲಿಗೆ ಸುಂಕವೇ ಇರಲಿಲ್ಲ. ಕೊರಿಯಾದ ನೆಲದಲ್ಲಿ ಜಪಾನಿ ವ್ಯಾಪಾರಿ ತಪ್ಪು ಮಾಡಿದರೆ ವಿಚಾರಣೆ ನಡೆಸುವವನು ಕೊರಿಯಾದ ನ್ಯಾಯಾಧೀಶನಲ್ಲ, ಜಪಾನಿನ ಕಾನ್ಸುಲ್, ಅಂದರೆ ಆ ದೇಶ ಅಲ್ಲಿಟ್ಟ ಪ್ರತಿನಿಧಿ.

ಬೆಂಗಳೂರು ಬಂದರಲ್ಲ, ಇಲ್ಲಿಗೆ ಮೊದಲು ಬಂದದ್ದು ಸೈನ್ಯ, ಆಮೇಲೆ ವ್ಯಾಪಾರ. ಅಲ್ಲಿ ಮೊದಲು ವ್ಯಾಪಾರ. ಈ ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನ್ಯಾಯದ ವಿಷಯದಲ್ಲಿ ಎರಡೂ ಒಂದೇ. ನೆಲ ನಿನ್ನದು, ಬೆಳೆ ನಿನ್ನದು, ಜಗಳವಾದರೆ ನಮ್ಮ ಬಾಗಿಲಿಗೆ ಬಾ.

ಇದರಿಂದ ರೈತನಿಗೆ ಏನಾಯಿತು ಅನ್ನುವುದು ನಮಗೆ ಬೇಕಾದ ಭಾಗ. ಜಪಾನಿನ ವ್ಯಾಪಾರಿಗಳಿಗೆ ಬೇಕಿದ್ದದ್ದು ಕೊರಿಯಾದ ಅಕ್ಕಿ ಮತ್ತು ಸೋಯಾ ಅವರೆ. ಪೈರು ಇನ್ನೂ ಹಸಿರಿರುವಾಗಲೇ ರೈತನಿಗೆ ಮುಂಗಡ ಕೊಟ್ಟು, ಸುಗ್ಗಿಯಲ್ಲಿ ಕಡಿಮೆ ದರಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ನಮ್ಮ ರಾಗಿ, ಶೇಂಗಾ ಬೆಳೆಗಾರರಿಗೆ ಈ ವಿದ್ಯೆ ಹೊಸದಲ್ಲ. 1889ರಲ್ಲಿ ಉತ್ತರದ ಹಾಮ್ಗ್ಯೊಂಗ್ ಪ್ರಾಂತ್ಯದಲ್ಲಿ ಕಾಳಿನ ಕೊರತೆ ಬಂತು. ಅಲ್ಲಿಯ ಗವರ್ನರ್, ಜನ ಉಪವಾಸ ಬೀಳುತ್ತಾರೆ ಅಂತ, ವೊನ್ಸಾನ್ ಬಂದರಿನಿಂದ ಸೋಯಾ ಹೊರಗೆ ಹೋಗದಂತೆ ತಡೆದ. ನಮ್ಮ ಸರಕಾರ ಈಗಲೂ ಈರುಳ್ಳಿಗೆ, ಅಕ್ಕಿಗೆ ಹಾಗೆ ರಫ್ತು ನಿಷೇಧ ಮಾಡುತ್ತದಲ್ಲ, ಅದೇ.

ಆದರೆ ಒಪ್ಪಂದದಲ್ಲಿ ಒಂದು ಸಾಲಿತ್ತು. ಕಾಳು ತಡೆಯುವುದಿದ್ದರೆ ಜಪಾನಿನ ಕಾನ್ಸುಲ್‌ಗೆ ಒಂದು ತಿಂಗಳು ಮೊದಲೇ ತಿಳಿಸಬೇಕು. ಸರಿಯಾಗಿ ತಿಳಿಸಲಿಲ್ಲ, ನಮ್ಮ ವ್ಯಾಪಾರಿಗಳಿಗೆ ನಷ್ಟವಾಯಿತು ಅಂತ ಜಪಾನ್ ಪಟ್ಟು ಹಿಡಿಯಿತು. ಮೂರ್ನಾಲ್ಕು ವರ್ಷ ಎಳೆದಾಡಿ 1893ರಲ್ಲಿ ಕೊರಿಯಾ 1,10,000 ಯೆನ್ ದಂಡ ಕಟ್ಟಿಕೊಡಲು ಒಪ್ಪಬೇಕಾಯಿತು. ಬರದಲ್ಲಿ ತನ್ನ ಜನರ ಕಾಳನ್ನು ಉಳಿಸಿಕೊಳ್ಳಲು ಹೋದದ್ದಕ್ಕೆ ದಂಡ. ಮರುವರ್ಷವೇ, 1894ರಲ್ಲಿ, ದೊಂಗ್‌ಹಾಕ್ ಅನ್ನುವ ಹೆಸರಿನಲ್ಲಿ ಅಲ್ಲಿಯ ರೈತರು ದಂಗೆ ಎದ್ದರು. ತಮ್ಮದೇ ಅಧಿಕಾರಿಗಳ ಲಂಚ, ತೆರಿಗೆಯ ಮೇಲಿನ ಸಿಟ್ಟು ಅದಕ್ಕೆ ಮೊದಲ ಕಾರಣ. ಬಂದರಿನಿಂದ ಅಕ್ಕಿ ಹರಿದು ಹೋಗುತ್ತಿದ್ದ ಸಿಟ್ಟೂ ಅದರಲ್ಲಿ ಸೇರಿತ್ತು. 1910ರಲ್ಲಿ ದೇಶವನ್ನೇ ಜಪಾನ್ ನುಂಗಿತು. ವಿದೇಶಿಯರ ಕೇರಿಗಳು 1914ರಲ್ಲಿ ರದ್ದಾದವು, ಅಷ್ಟರಲ್ಲಿ ಮನೆಯೇ ಪರರ ಪಾಲಾಗಿತ್ತು.

ಇಷ್ಟು ಹೇಳಿದ ಮೇಲೆ, ಹೊರಗಿನವರ ವ್ಯಾಪಾರವೇ ಬೇಡ ಅನ್ನುತ್ತೀರಾ ಅಂತ ಕೆಲವರು ಕೇಳಬಹುದು. ಇಲ್ಲ, ನಾವು ಹಾಗೆ ಹೇಳುವುದಿಲ್ಲ. ಹೊರಗಿನಿಂದ ಬಂದದ್ದನ್ನೆಲ್ಲ ನಾವು ‘ಸೀಮೆ’ ಅಂತ ಸೇರಿಸಿ ನಮ್ಮದು ಮಾಡಿಕೊಂಡವರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಮಾವನ ಕೊಟ್ಟಿಗೆಯಲ್ಲಿರುವ ಎರಡೂ ಸೀಮೆಹಸುವೇ, ಡೈರಿಗೆ ಹಾಲು ಹಾಕಿಯೇ ಮಗಳ ಮದುವೆ ಮಾಡಿದ್ದು. ದಂಡಿನವರು ತಿನ್ನುತ್ತಾರೆ ಅಂತ ಬೆಂಗಳೂರಿನ ಸುತ್ತಲಿನ ಹಳ್ಳಿಯವರು ಕೋಸು, ಗಜ್ಜರಿ, ಹೂಕೋಸು ಬೆಳೆಯಲು ಕಲಿತರು, ಅದನ್ನು ಮಾರಿ ಬದುಕಿದರು. ಮಿಡಿಸೌತೆಯಿಂದಲೂ ಎಷ್ಟೋ ಮನೆಗೆ ಮೂರೇ ತಿಂಗಳಲ್ಲಿ ಕೈಗೆ ಕಾಸು ಬಂದಿದೆ. ಎಪಿಎಂಸಿಯಲ್ಲಿ ಟೊಮೆಟೊ ಬೆಲೆ ಬಿದ್ದು ರಸ್ತೆಗೆ ಸುರಿದವರಿಗೆ, ಮೊದಲೇ ದರ ಗೊತ್ತಿರುವ ಬೆಳೆ ಎಷ್ಟು ನೆಮ್ಮದಿ ಅನ್ನುವುದು ಗೊತ್ತು.

ಕಂಪನಿಯವರ ಕಡೆಯ ಮಾತೂ ಇದೆ. ಬೀಜ ತೆಗೆದುಕೊಂಡು, ಬೇರೆಯವರು ಎರಡು ರೂಪಾಯಿ ಹೆಚ್ಚು ಕೊಟ್ಟರೆ ಕಾಯಿಯನ್ನು ಅವರಿಗೆ ಹಾಕುವ ರೈತರೂ ಇದ್ದಾರೆ. ನೂರಾರು ಹಳ್ಳಿಯಲ್ಲಿ ವ್ಯವಹಾರ ಇರುವಾಗ ನೂರು ಕೋರ್ಟಿಗೆ ಅಲೆಯಲಾಗುವುದಿಲ್ಲ ಅನ್ನುತ್ತಾರೆ. ಇದೂ ಸುಳ್ಳಲ್ಲ. ಆದರೆ ಅಲೆಯುವ ಕಷ್ಟ ಇಬ್ಬರಿಗೂ ಇರುವಾಗ, ವಕೀಲರನ್ನೇ ಸಂಬಳಕ್ಕೆ ಇಟ್ಟುಕೊಂಡಿರುವವರು ತಾಲ್ಲೂಕಿಗೆ ಬರುವುದು ಸುಲಭವೋ, ಅರ್ಧ ಎಕರೆ ಬೆಳೆದವರು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗುವುದು ಸುಲಭವೋ?

ಕಾನೂನಿನಲ್ಲಿ ಇಂಥ ಸಾಲು ತಪ್ಪಾ? ತಪ್ಪಲ್ಲ, ಅದೇ ತೊಂದರೆ. ಒಂದು ವ್ಯವಹಾರಕ್ಕೆ ಎರಡು ಮೂರು ಊರಿನ ಕೋರ್ಟಿಗೆ ಅಧಿಕಾರ ಇದ್ದಾಗ, ಇಂಥ ಊರಿನಲ್ಲೇ ಅಂತ ಇಬ್ಬರೂ ಒಪ್ಪಿ ಬರೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದೆ, ಹಾಗಾಗಿ ಸಾಲು ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ‘ಇಬ್ಬರೂ ಒಪ್ಪಿ’ ಅನ್ನುವ ಮಾತಿಗೆ ಬೆಲೆ ಬರಬೇಕಾದರೆ ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಅದು ಇರಬೇಕಲ್ಲ. ಮಾವ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಅವರು ಸಹಿ ಹಾಕಿದ್ದು ಒಂದಕ್ಷರವೂ ಗೊತ್ತಿಲ್ಲದ ಹಾಳೆಗೆ, ಗಾಡಿಯ ಬಾನೆಟ್ ಮೇಲೆ, ಎರಡು ನಿಮಿಷದಲ್ಲಿ.

2020ರಲ್ಲಿ ಬಂದ ಮೂರು ಕೃಷಿ ಕಾಯ್ದೆಗಳಲ್ಲಿ ಒಂದು ಇಂಥ ಒಪ್ಪಂದ ಬೇಸಾಯದ ಬಗ್ಗೆಯೇ ಇತ್ತು. ತಕರಾರು ಬಂದರೆ ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರ ಹತ್ತಿರ ಹೋಗಿ ಅಂದಿತು. ಅಷ್ಟು ಹತ್ತಿರ ತಂದದ್ದು ಒಳ್ಳೆಯದೇ. ಆದರೆ ಸಿವಿಲ್ ಕೋರ್ಟಿನ ಬಾಗಿಲನ್ನು ಪೂರ್ತಿ ಮುಚ್ಚಿತು. 2021ರಲ್ಲಿ ಆ ಕಾಯ್ದೆಗಳು ರದ್ದಾದವು. ಸರಿ, ಆದರೆ ಒಪ್ಪಂದದ ಹಾಳೆಗಳು ರದ್ದಾಗಲಿಲ್ಲ. ಅವು ಅದಕ್ಕೂ ಮೊದಲಿನಿಂದ ಇದ್ದವು, ಈಗಲೂ ಇವೆ.

ನಾವು ಕೇಳುವುದು ದೊಡ್ಡದೇನಲ್ಲ. ಒಂದು, ರೈತ ಸಹಿ ಹಾಕುವ ಒಪ್ಪಂದ ಕನ್ನಡದಲ್ಲಿರಲಿ, ಒಂದು ಪ್ರತಿ ಅವನ ಕೈಯಲ್ಲಿರಲಿ. ಎರಡು, ತೂಕ ಮತ್ತು ದರ್ಜೆ ರೈತನ ಕಣ್ಣೆದುರೇ ಆಗಲಿ, ಅವತ್ತೇ ಚೀಟಿ ಸಿಗಲಿ. ಮೂರು, ಕಂಪನಿಯ ಗಾಡಿ ಬಾರದ ದಿನದ ನಷ್ಟ ಯಾರದು ಅನ್ನುವುದು ಹಾಳೆಯಲ್ಲಿರಲಿ. ನಾಲ್ಕು, ತಕರಾರಿನ ತೀರ್ಮಾನ ಬೆಳೆ ಬೆಳೆದ ತಾಲ್ಲೂಕಿನಲ್ಲೇ ಆಗಲಿ, ಮೇಲಿನ ಕೋರ್ಟಿನ ಬಾಗಿಲೂ ತೆರೆದಿರಲಿ. ಇವನ್ನು ಕಂಪನಿಯ ದೊಡ್ಡ ಮನಸ್ಸಿಗೆ ಬಿಡಬಾರದು, ಸರಕಾರ ಕಡ್ಡಾಯ ಮಾಡಬೇಕು. ಮಹಾರಾಜರಿಗೇ ಒಬ್ಬರೇ ಕೂತು ಒಳ್ಳೆಯ ಹಾಳೆ ಮಾಡಿಸಿಕೊಳ್ಳಲು ಆಗಲಿಲ್ಲ, ಅರ್ಧ ಎಕರೆಯವರಿಗೆ ಆಗುತ್ತದೆಯೇ?

ಅಲ್ಲಿಯವರೆಗೆ ನೀವು ಮಾಡಬಹುದಾದದ್ದೂ ಇದೆ. ಸಹಿ ಹಾಕುವ ಮೊದಲು ಹಾಳೆಯ ಎಲ್ಲಾ ಪುಟದ ಫೋಟೋ ತೆಗೆದುಕೊಳ್ಳಿ. ಓದಲು ಬರುವವರ ಹತ್ತಿರ, ಮೊದಲು ಕೊನೆಯ ಪುಟ ಓದಿಸಿ. ಕಂಪನಿಯಿಂದ ಕೊಂಡ ಬೀಜವೇ ಕಳಪೆಯಾಗಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಅದರ ಸಹಾಯವಾಣಿ 15100. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬೊಬ್ಬರೇ ಹೋಗಿ ಸಹಿ ಹಾಕಬೇಡಿ. ಹತ್ತು ಜನ ಒಟ್ಟಿಗೆ ಕೂತರೆ ಹಾಳೆಯ ಒಂದು ಸಾಲಾದರೂ ಬದಲಾಗುತ್ತದೆ.

ಮಾವನಿಗೆ ಆ ದುಡ್ಡು ಬರಲಿಲ್ಲ. ಎರಡು ಸಲ ರೈಲು ಚಾರ್ಜು, ಎರಡು ದಿನದ ಕೆಲಸ ಹೋದದ್ದೇ ಬಂತು. ಮೂರನೇ ಸಲ ಬಾ ಮಾವ ಅಂದರೆ, “ಬೇಡ ಬಿಡಪ್ಪಾ, ಹಸು ಹಾಲು ಕರೆಯೋರು ಯಾರು?” ಅಂದರು.

ಈ ವರ್ಷ ಇನ್ನೊಂದು ಕಂಪನಿಯವರು ಊರಿಗೆ ಬಂದಿದ್ದಾರೆ. ಮಾವ ಈ ಸಲವೂ ಮಿಡಿಸೌತೆ ಹಾಕಬೇಕು ಅಂತಿದ್ದಾರೆ, ಬೇರೆ ದಾರಿ ಅವರಿಗೂ ಇಲ್ಲ. ಆದರೆ ಸಹಿ ಹಾಕಿಲ್ಲ. ಹಾಳೆಯ ಫೋಟೋವನ್ನು ಮೊಮ್ಮಗನ ಕೈಲಿ ನಮಗೆ ಕಳಿಸಿದ್ದರು. ಕೊನೆಯ ಪುಟದಲ್ಲಿ ಅದೇ ಸಾಲು, ಅದೇ ಬೆಂಗಳೂರು. ಊರಿನ ಹನ್ನೊಂದು ಜನ ಸೇರಿ, ಆ ಸಾಲಿನಲ್ಲಿ ಬೆಂಗಳೂರು ಹೊಡೆದು ನಮ್ಮ ತಾಲ್ಲೂಕಿನ ಹೆಸರು ಬರೆದುಕೊಡಿ, ಹಾಳೆ ಕನ್ನಡದಲ್ಲಿ ಕೊಡಿ ಅಂತ ಕೇಳಿದ್ದಾರೆ. ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದು ಹೋದವರು ಇನ್ನೂ ಬಂದಿಲ್ಲ. ಬಿತ್ತನೆಗೆ ಎರಡು ವಾರ ಇದೆ.